ಕೌದಿಯ ಹಿಂದಿನ ಫರಸಿ

ಹಳೆಯ ಆಂಪ್ಲಿಫೈಯರ್ ಬಹಳ ದಿನಗಳ ನಂತರ ಚಾಲೂ ಆದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳು, ಒಣಗಿದ ಕಟ್ಟಿಗೆ, ತಂತಿಯ ಮೇಲಿನ ಬಣ್ಣ ಎಲ್ಲ ಸೇರಿದ ವಾಸನೆ ಅದು; ಸುಟ್ಟದ್ದು ಎನ್ನುವ ಹಾಗೂ ಇಲ್ಲ, ಸಿಹಿ ಎನ್ನುವ ಹಾಗೂ ಇಲ್ಲ. ಕಳೆದ ತಿಂಗಳು ಹುಮನಾಬಾದಿನ ನನ್ನ ಬಾಡಿಗೆ ಕೋಣೆಯಲ್ಲಿ ಕಾಕಾನ ಹಾಡಿನ ಸೆಟ್ಟನ್ನು ಮೊದಲ ಸಲ ಜೋಡಿಸಿದೆ. ಜಾಗವೆಂದರೆ ಪುಸ್ತಕದ ಕಪಾಟಿನ ಕೆಳಗಿನ ಎರಡು ಖಾನೆ ಮತ್ತು ಒಂದು ಸಣ್ಣ ಮೇಜು, ಅಷ್ಟೇ. ಆಂಪ್ಲಿಫೈಯರ್ ಕೆಳಗಿನ ಖಾನೆಗೆ, ಅದರ ನೆತ್ತಿಯ ಮೇಲೆ ಬಿಸಿ ಹೋಗಲು ಒಂದು ಗೇಣು ಖಾಲಿ. ರೆಕಾರ್ಡ್ ಪ್ಲೇಯರ್ ಅದರಿಂದ ದೂರ, ಮೇಜಿನ ಮೇಲೆ. ಕರೆಂಟಿನ ವಾಯರು ಒಂದು ಕಡೆಯಿಂದ, ಹಾಡಿನ ವಾಯರು ಇನ್ನೊಂದು ಕಡೆಯಿಂದ, ಎರಡೂ ತಾಗದಂತೆ. ಯೋಚಿಸದೆ ಕೈ ತಾನೇ ಹೀಗೆ ಮಾಡಿತು. ಗುಂಡಿ ಒತ್ತಿದೆ, ಸಣ್ಣ ಕೆಂಪು ದೀಪ ಹತ್ತಿತು. ಐದು ನಿಮಿಷಕ್ಕೆ ಆ ವಾಸನೆ ಬಂತು. ರೆಕಾರ್ಡು ಹಾಕುವುದನ್ನು ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ನಿಮ್ಮಲ್ಲೂ ಕೆಲವರಿಗೆ ಹೀಗಾಗಿರಬಹುದು. ಮನೆ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಅದರ ವಾಸನೆ ಮಾತ್ರ ಯಾವುದೋ ಸಾಮಾನಿನೊಳಗೆ ಉಳಿದುಕೊಂಡು, ಬಿಸಿ ತಾಗಿದ ಕೂಡಲೇ ಹೊರಗೆ ಬರುತ್ತದೆ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿತ್ತು. ಈಗ ಅಲ್ಲಿ ಬಟ್ಟೆಯ ಅಂಗಡಿ ಇದೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಮೇಲೆ ಒಂದು ಸಣ್ಣ ಕೋಣೆ. ಐದು ಜನ ಅದರಲ್ಲೇ ಇದ್ದೆವು. ಪಡಸಾಲೆಗೂ ಅಡುಗೆಮನೆಗೂ ನಡುವೆ ಕಲ್ಲು ಮಣ್ಣಿನ ಎರಡು ಮೊಳ ದಪ್ಪದ ಗೋಡೆ. ಆ ಗೋಡೆಯಲ್ಲಿ, ಪಡಸಾಲೆಯ ಕಡೆಗೆ ಬಾಯಿ ತೆರೆದ ಒಂದು ದೊಡ್ಡ ಗೂಡು. ಅದು ಎಷ್ಟು ಆಳವಾಗಿತ್ತೆಂದರೆ ಅದರ ಹಿಂಬದಿಗೆ ಗೋಡೆಯೇ ಉಳಿದಿರಲಿಲ್ಲ. ಒಂದೇ ಒಂದು ಶಹಾಬಾದಿ ಫರಸಿ, ತೆಳು ಕಲ್ಲಿನ ಚಪ್ಪಡಿ, ನಿಲ್ಲಿಸಿ ಮುಚ್ಚಿದ್ದರು. ಫರಸಿಯ ಆಚೆ ಮಗ್ಗುಲೇ ಅಡುಗೆಮನೆ. ಬೇಸಿಗೆಯಲ್ಲೂ ಆ ಕಲ್ಲು ತಣ್ಣಗಿರುತ್ತಿತ್ತು. ಅಡುಗೆಮನೆಯ ಕಡೆಯಿಂದ ಅದಕ್ಕೆ ಬೆನ್ನು ಕೊಟ್ಟು ಕೂತು ಆಯಿ ಸಂಜೆ ಹೊತ್ತು ಮೊರದಲ್ಲಿ ಮರುದಿನದ ಜೋಳ ಹಸನು ಮಾಡುತ್ತಿದ್ದಳು.

ಆಯಿ ಎಂದರೆ ಅಪ್ಪನ ತಾಯಿ. ಮನೆಯವರೆಲ್ಲ, ಅವಳ ಮಕ್ಕಳೂ ಸೇರಿ, ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆವು. ಅಪ್ಪನಿಗೆ ಕಾಳಿನ ವ್ಯಾಪಾರ, ಮನೆಗೆ ಬರುವುದು ಊಟಕ್ಕೆ ಮತ್ತು ನಿದ್ದೆಗೆ. ಅವ್ವ ಹುಡಗಿ ಎಂಬ ಊರಿನವಳು, ನಗಿಸುತ್ತ ಕೆಲಸ ತೆಗೆಯುವವಳು. ಕಾಕಾ ಅಪ್ಪನ ತಮ್ಮ, ರಾಜೇಶ್ವರದ ಒಂದು ಶಾಲೆಯಲ್ಲಿ ಕಾರಕೂನ. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಸಣ್ಣ ಮೈ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂ ಡ್ರೈವರ್.

ಸೆಟ್ಟು ಅವನಿಗೆ ಸಿಕ್ಕಿದ್ದು ಹುಮನಾಬಾದಿನಲ್ಲಿ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಮುದಿ ಡಾಕ್ಟರರು, ಇದನ್ನು ನೋಡಿಕೊಳ್ಳುವವರಿಗೇ ಕೊಡಬೇಕೆಂದು ಹಠ ಹಿಡಿದು ಇವನಿಗೆ ಕೊಟ್ಟಿದ್ದರಂತೆ. ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಒಂದು ಟೇಪು, ಎರಡು ಸ್ಪೀಕರು, ಒಂದು ಟ್ರಂಕಿನ ತುಂಬ ರೆಕಾರ್ಡು. ಉಳಿದದ್ದನ್ನು ಬಸ್ಸಿನ ಮೇಲೆ ಹೇರಿಸಿ, ರೆಕಾರ್ಡ್ ಪ್ಲೇಯರನ್ನು ಮಾತ್ರ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಆ ದಿನ ಆಯಿ ಓಣಿಯ ಹೆಂಗಸರ ಜೊತೆ ಮಾಣಿಕನಗರಕ್ಕೆ ಹೋಗಿದ್ದಳು. ಮನೆಯಲ್ಲಿ ಇಷ್ಟು ಸಾಮಾನು ಇಡುವ ಜಾಗ ಆ ಗೂಡು ಒಂದೇ, ಮತ್ತು ಆ ಗೂಡು ಆಯಿಯದು. ಅವಳು ಮದುವೆಯಾಗಿ ಬಂದಾಗಿನಿಂದ ಉಪ್ಪಿನಕಾಯಿಯ ಭರಣಿಗಳು, ಹುಣಸೆಹಣ್ಣಿನ ಗಡಿಗೆ ಅಲ್ಲೇ ಇದ್ದವು. ಕಾಕಾ ಅವನ್ನೆಲ್ಲ ತೆಗೆದು ಮಂಚದ ಕೆಳಗೆ ಸಾಲಾಗಿ ಇಟ್ಟ. ಸಂಜೆ ಆಯಿ ಬಂದಳು, ಗೂಡಿನ ಮುಂದೆ ಒಂದು ಗಳಿಗೆ ನಿಂತಳು. ಬೈಯಲಿಲ್ಲ. ಮಂಚದ ಕೆಳಗಿನ ಭರಣಿಗಳನ್ನು ಒಂದೊಂದಾಗಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಅವಳು ಸಂಜೆ ಕೆಲಸ ಮುಗಿಸಿ ಪಡಸಾಲೆಗೆ ಬಂದು ಕೂತದ್ದನ್ನು ನಾನು ಕಾಣೆ.

ಕಾಕಾ ದಿನಾ ಆರು ಗಂಟೆಗೆ ರೆಕಾರ್ಡು ಹಾಕುತ್ತಿದ್ದ. ಹೆಚ್ಚಾಗಿ ಅಭಂಗ, ಕೆಲವು ಸಲ ಗಜಲು, ಕೆಲವು ಸಲ ಬರೀ ಸಾರಂಗಿ. ಮೊದಮೊದಲು ಆಯಿಯನ್ನು ಕರೆದ. ಬಾಗಿಲಿಗೆ ಬಂದು ಕರೆದರೆ ಕೆಲವೊಮ್ಮೆ ಕೈ ಆಡಿಸಿ ಬೇಡ ಎನ್ನುತ್ತಿದ್ದಳು, ಪಡಸಾಲೆಯಿಂದಲೇ ಕರೆದರೆ ತಿರುಗಿ ಸಹ ನೋಡುತ್ತಿರಲಿಲ್ಲ. ಬರುಬರುತ್ತ ಬೇರೆ ಮಾತಿಗೂ ಹಾಗೆಯೇ ಆಯಿತು. ಅವ್ವ ಎರಡು ಸಲ ಕೇಳಿದರೆ ಒಂದಕ್ಕೆ ಉತ್ತರ, ಅದೂ ಕೇಳಿದ್ದಕ್ಕಲ್ಲ, ಬೇರೆ ಯಾವುದಕ್ಕೋ. ಮುದುಕಿಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವಳ ಸಿಟ್ಟು ಭಾರಿ ಎಂದು ಓಣಿಗೇ ಗೊತ್ತಿತ್ತು, ಹಾಗಾಗಿ ಯಾರೂ ಬೇರೆ ಕಾರಣ ಹುಡುಕಲಿಲ್ಲ. ಕಾಕಾ ಕರೆಯುವುದನ್ನು ನಿಲ್ಲಿಸಿದ. ಆದರೆ ಅವನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತೆಂದು ನನಗೆ ಈಗ ಅನ್ನಿಸುತ್ತದೆ: ಹಾಡು ಸರಿಯಾಗಿ, ಎದುರಿಗೆ ಕೂತು ಹಾಡಿದಷ್ಟು ಸ್ವಚ್ಛವಾಗಿ ಬರತೊಡಗಿದರೆ ಆಯಿ ತಾನಾಗಿ ಎದ್ದು ಬಂದಾಳು.

ಹಾಡು ಸ್ವಚ್ಛವಾಗಿರಲಿಲ್ಲ ಎನ್ನುವುದು ನಿಜ. ಗೂಡು ಇಕ್ಕಟ್ಟು. ಆಂಪ್ಲಿಫೈಯರ್ ಮೇಲೆ ಟೇಪು, ಟೇಪಿನ ಮೇಲೆ ರೆಕಾರ್ಡ್ ಪ್ಲೇಯರ್, ಎರಡೂ ಬದಿಗೆ ಫರಸಿಗೆ ಬೆನ್ನು ಹಚ್ಚಿದ ಸ್ಪೀಕರು. ಒಂದರ ನಡುಕ ಎಲ್ಲಕ್ಕೂ. ಸ್ಪೀಕರು ದನಿ ತೆಗೆದರೆ ಕಲ್ಲು ನಡುಗುವುದು, ಕಲ್ಲು ನಡುಗಿದರೆ ರೆಕಾರ್ಡಿನ ಮೇಲಿನ ಮುಳ್ಳು ನಡುಗುವುದು, ಮುಳ್ಳಿನ ಆ ನಡುಕವೂ ಹಾಡಿನ ಜೊತೆ ಸೇರಿ ಮತ್ತೆ ಸ್ಪೀಕರಿನಿಂದ ಹೊರಗೆ ಬರುವುದು. ದನಿ ತುಸು ಏರಿಸಿದರೆ ಇಡೀ ಗೂಡು ಗೂಂ ಎಂದು ಊಳಿಡುತ್ತಿತ್ತು. ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ ಮುಳ್ಳು ಹಾರಿ ಮೂರು ಸಾಲು ಮುಂದೆ ಬೀಳುತ್ತಿತ್ತು. ರೆಕಾರ್ಡು ಹಾಕಿದಾಗ ಪಡಸಾಲೆಯಲ್ಲಿ ತುದಿಗಾಲಲ್ಲಿ ನಡೆಯಬೇಕೆಂಬುದು ನಮ್ಮ ಮನೆಯ ಕಾನೂನಾಯಿತು. ಬಂದ ನೆಂಟರು ನಮ್ಮನ್ನು ನೋಡಿ ಒಳಗೆ ಯಾರೋ ಕಾಯಿಲೆ ಮಲಗಿದ್ದಾರೆ ಎಂದುಕೊಳ್ಳುತ್ತಿದ್ದರು.

ಒಂದು ವರ್ಷ ಕಾಕಾ ಅದನ್ನೇ ಬೆನ್ನು ಹತ್ತಿದ. ಜೋಳದ ಹೊಟ್ಟು ತುಂಬಿದ ದಿಂಬು ಹೊಲಿಸಿದ. ಮೂರು ದಿನಕ್ಕೆ ಇಲಿ ಬಂತು. ರಬ್ಬರಿನ ಎರಡು ಚೆಂಡು ಹೋಳು ಮಾಡಿ ನಾಲ್ಕು ಮೂಲೆಗೆ ಇಟ್ಟ. ಬಿಸಿಗೆ ಒಂದು ಅಂಟಿಕೊಂಡು ಮಷೀನು ಓರೆಯಾಯಿತು. ತಗಡಿನ ತಟ್ಟೆಯಲ್ಲಿ ಉಸುಕು ಹಾಕಿ ಮೇಲೆ ಹಲಗೆ ಇಟ್ಟ. ಅದು ಪರವಾಗಿಲ್ಲ ಎನ್ನಿಸಿತು, ಆದರೆ ಉಸುಕು ಸೋರಿತು. ಕೊನೆಗೆ ಹುಡಗಿಯ ನಮ್ಮ ಮಾಮಾ ಹಳೆಯ ಸ್ಕೂಟರಿನ ಟ್ಯೂಬು ಒಂದು ಕಳಿಸಿದ. ಕಾಕಾ ಅದಕ್ಕೆ ಅರ್ಧ ಗಾಳಿ ತುಂಬಿದ, ಗೂಡಿನಲ್ಲಿ ಮಲಗಿಸಿದ, ಅದರ ಮೇಲೆ ಕಲ್ಲಿನ ಒಂದು ತೆಳು ಹಾಸು ಇಟ್ಟು, ಆ ಹಾಸಿನ ಮೇಲೆ ರೆಕಾರ್ಡ್ ಪ್ಲೇಯರ್ ಕೂರಿಸಿದ. ಕೈಯಿಂದ ಒತ್ತಿದರೆ ಕಲ್ಲು ಮೆಲ್ಲಗೆ ತೇಲಿ ಮತ್ತೆ ನಿಲ್ಲುತ್ತಿತ್ತು. ಸ್ಪೀಕರಿನ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳು. ಇನ್ನು ಉಳಿದದ್ದು ಹಿಂದಿನ ಫರಸಿ. ಸ್ಪೀಕರಿಗೂ ಅದಕ್ಕೂ ನಡುವೆ ದಪ್ಪನೆಯದೇನಾದರೂ ಬೇಕು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, "ಗಾದಿ ಆತು, ಗಾಳಿ ಆತು. ಇನ್ನ ಹೊಚಗೊಳ್ಳಾಕ ಕೌದಿ ಒಂದ ಬಾಕಿ ನೋಡ್ರಿ ನಿಮ್ಮ ಸಾಹೇಬರಿಗೆ," ಎಂದಳು. ಅವಳು ಚೇಷ್ಟೆಗೆ ಅಂದದ್ದು. ಕಾಕಾನ ಮುಖ ಅರಳಿತು. "ವೈನಿ, ಖರೇನ ಕೌದೀನ ಬೇಕ್ರಿ," ಎಂದ.

ಕೌದಿ ಕೇಳಲು ಅವನೇ ಆಯಿಯ ಎದುರಿಗೆ ಹೋಗಿ ಕೂತ. ಗೂಡಿನ ಕಡೆ ಕೈ ತೋರಿಸಿದ, ಅಲ್ಲೇ ಇದ್ದ ಒಂದು ಹಳೆಯ ಕೌದಿಯ ಅಂಚು ಹಿಡಿದು ತೋರಿಸಿದ. ಆಯಿ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ತನ್ನ ಪೆಟ್ಟಿಗೆ ತೆಗೆದು, ತಾನು ಮದುವೆಯಾದ ಹೊಸದರಲ್ಲಿ ಹಳೆಯ ಇಳಕಲ್ಲು ಸೀರೆಗಳಿಂದ ಹೊಲಿದ, ಯಾರಿಗೂ ಹೊದೆಯಲು ಕೊಡದ ಕೌದಿಯನ್ನು ಅವನ ಕೈಯಲ್ಲಿಟ್ಟಳು. ಆ ಸಂಜೆ ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಫರಸಿಯ ಉದ್ದಕ್ಕೂ ಒತ್ತಿ ನಿಲ್ಲಿಸಿದ. ರೆಕಾರ್ಡು ಹಾಕಿದ. ಊಳು ಇಲ್ಲ, ಗೂಂ ಇಲ್ಲ. ಹಾಡುವವರು ಉಸಿರು ತೆಗೆದುಕೊಂಡದ್ದು ಕೂಡ ಕೇಳಿಸಿತು. ಕಾಕಾ ನನ್ನನ್ನು ಪಡಸಾಲೆಯ ನಡುವೆ ಕುಣಿಯಲು ಹಚ್ಚಿದ. ನಾನು ದಪದಪ ಕುಣಿದೆ, ಮುಳ್ಳು ಅಲುಗಲಿಲ್ಲ. ಅವನು ಬಾಗಿಲ ಕಡೆ ನೋಡುತ್ತಿದ್ದ. ಆಯಿ ಬರಲಿಲ್ಲ.

ಒಂದು ವಾರ ಕಳೆದಿರಬೇಕು. ಸಂಜೆ ಹೊತ್ತು, ಪಡಸಾಲೆಯಲ್ಲಿ ಅಭಂಗ ನಡೆದಿತ್ತು. ನಾನು ಅಡುಗೆಮನೆಯಲ್ಲಿ ಆಯಿಯ ಹತ್ತಿರ ಕೂತು ಜೋಳದಲ್ಲಿನ ಕಲ್ಲು ಆರಿಸುತ್ತಿದ್ದೆ. ನನಗೆ ಆಗ ಒಂಬತ್ತು ವರ್ಷ. ಬಾಗಿಲಿಂದ ಬರುವ ಹಾಡಿನ ಒಂದೊಂದು ಶಬ್ದವೂ ಸ್ಪಷ್ಟವಾಗಿತ್ತು. ಆಯಿ ಮೊರ ಕೆಳಗಿಟ್ಟು, ಅಂಗೈಯನ್ನು ತನ್ನ ಬೆನ್ನ ಹಿಂದಿನ ಫರಸಿಯ ಮೇಲೆ ಆಡಿಸಿ, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು.

"ನಿಮ್ಮ ಕಾಕಾ ಹಾಡು ಹಾಕೋದು ಬಿಟ್ಟಾನೇನ ಯವ್ವಾ? ಎಂಟ ದಿನ ಆತು, ಬೆನ್ನಿಗೆ ಏನೂ ಬರವಲ್ದು."

ನಾನು ಅವಳ ಮುಖ ನೋಡಿದೆ. ಅವಳು ಉತ್ತರಕ್ಕಾಗಿ ನನ್ನ ತುಟಿಯನ್ನು ನೋಡುತ್ತಿದ್ದಳು. ಅವಳು ಯಾವಾಗಲೂ ನಮ್ಮ ತುಟಿಯನ್ನೇ ನೋಡುತ್ತಿದ್ದಳೆಂದು ಆಗ ನನಗೆ ಹೊಳೆಯಿತು. ಕರೆದರೆ ತಿರುಗದಿದ್ದದ್ದು, ಕೇಳಿದ್ದಕ್ಕೆ ಬೇರೆ ಏನೋ ಹೇಳುತ್ತಿದ್ದದ್ದು, ಮೊರ ಮಾತ್ರ ಸಂಜೆ ಹೊತ್ತು ಹಾಡಿನ ತಾಳಕ್ಕೆ ಸರಿಯಾಗಿ ಏಳುತ್ತ ಬೀಳುತ್ತ ಇದ್ದದ್ದು, ಎಲ್ಲ ಒಮ್ಮೆಗೇ. ಎಲುಬಿನಿಂದಲೂ ಸದ್ದು ಒಳಗೆ ಹೋಗುತ್ತದೆಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಯಾರಿಗೂ ಹೇಳಬ್ಯಾಡ. ಕಿವಿ ಹೋಗ್ಯಾವಂತ ತಿಳದ್ರ ನನ್ನ ಸಂಗಟ ಯಾರ ಮಾತಾಡ್ತಾರ? ಕೈ ಮಾಡಿ ತೋರಿಸಿ ಹೋಗ್ತಾರ ಅಷ್ಟ. ಸಿಟ್ಟಿನ್ಯಾಗ ಅದಾಳಂತ ತಿಳಕೊಳ್ಳಿ. ಅದು ಛಲೋ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ ಹೇಳದಿರುವುದು ನನಗೆ ಆಗಲೂ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಬೇರೆ: ಪಡಸಾಲೆಯಲ್ಲಿ ಕಾಕಾ ತಾನು ಗೆದ್ದೆನೆಂದು ಕಣ್ಣು ಮುಚ್ಚಿ ಕೂತಿದ್ದ, ಇಲ್ಲಿ ಇವಳು ಬರಿಯ ಕಲ್ಲಿಗೆ ಒರಗಿ ಕೂತಿದ್ದಳು, ನಡುವೆ ಇದ್ದದ್ದು ಅವಳೇ ಕೊಟ್ಟ ಕೌದಿ. ಮರುದಿನ ಶಾಲೆಯಿಂದ ಬಂದವಳು, ಕಾಕಾ ರಾಜೇಶ್ವರದಿಂದ ಬರುವ ಮೊದಲೇ, ಟ್ಯೂಬಿನ ಗಾಳಿ ಬಿಟ್ಟೆ, ಕೌದಿಯನ್ನು ಎಳೆದು ಕೆಳಗೆ ಕೆಡವಿದೆ. ಸಂಜೆ ಗೂಡು ಊಳಿಟ್ಟಿತು. ಕಾಕಾ ಟ್ಯೂಬಿಗೆ ಪಂಕ್ಚರ್ ಆಗಿದೆಯೆಂದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದ, ತೂತು ಸಿಗಲಿಲ್ಲ. ಗಾಳಿ ತುಂಬಿದ, ಕೌದಿ ಒತ್ತಿದ. ಎರಡು ದಿನ ಬಿಟ್ಟು ನಾನು ಮತ್ತೆ ಅದನ್ನೇ ಮಾಡುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಅವನ ಶಾಲೆ ಅಂದು ಬೇಗ ಬಿಟ್ಟಿತ್ತು.

ಅವನು ಹೊಡೆಯುವವನಲ್ಲ. ಯಾಕೆ ಬೇಟಾ ಎಂದು ಕೇಳಿದ, ಎರಡನೆಯ ಸಲ ಇನ್ನೂ ಸಣ್ಣ ದನಿಯಲ್ಲಿ ಕೇಳಿದ. ನಾನು ಕೌದಿಯನ್ನು ಎದೆಗೆ ಅವಚಿಕೊಂಡೆ. ಒಂದು ವರ್ಷದ ಕೆಲಸ ಹಾಳು ಮಾಡುವವಳು ನಾನೇ ಎಂದು ಅವನಿಗೆ ನಂಬಲು ಆಗುತ್ತಿರಲಿಲ್ಲ. ಮಾತು ಕೊಟ್ಟಿದ್ದೆ, ಆದರೆ ನನ್ನ ಕಣ್ಣು ಅಡುಗೆಮನೆಯ ಕಡೆ ಹೋಗುವುದನ್ನು ತಡೆಯಲು ಆಗಲಿಲ್ಲ. ಕಾಕಾ ನನ್ನ ಕಣ್ಣು ಹೋದ ಕಡೆ ನೋಡಿದ. ಆಯಿ ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಹೋಗಿ ಅವಳ ಹಿಂದೆ ನಿಂತ. ಅವಳೇ ನನಗೆ ಇದನ್ನು ಹೇಳಿಕೊಟ್ಟಿದ್ದಾಳೆ, ಇನ್ನೂ ಸಿಟ್ಟು ಇದೆ ಎಂದು ಅವನು ತಿಳಿದಿರಬೇಕು.

"ಆಯಿ," ಎಂದ. "ನಿನ್ನ ಭರಣಿ ನಿನಗ ಕೇಳಲಾರದ ತೆಗದೆ. ತಪ್ಪಾತು."

ರೊಟ್ಟಿ ಬಡಿಯುವ ಸದ್ದು ಹಾಗೇ ನಡೆದಿತ್ತು. ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅವಳ ತಲೆಯ ಹಿಂದೆಯೇ ಬಾಗಿ, ಮತ್ತೆ ಅಷ್ಟನ್ನೇ ಹೇಳಿದ. ಆಯಿ ರೊಟ್ಟಿಯನ್ನು ತಿರುಗಿಸಿ ಮತ್ತೆ ಬಡಿದಳು. ಅದನ್ನು ಎತ್ತಿ ಹಂಚಿನ ಮೇಲೆ ಹಾಕಿದಳು, ನೀರು ಸವರಿದಳು. ಕಾಕಾ ಅಲ್ಲೇ ನಿಂತಿದ್ದ. ಅವನ ಕೈ ಅವಳ ಹೆಗಲಿನವರೆಗೆ ಹೋಗಿ, ಮುಟ್ಟದೆ ಹಿಂದೆ ಬಂತು. ಸಪ್ಪಳವಾಗದಂತೆ ತುದಿಗಾಲಲ್ಲಿ ಹೊರಗೆ ಬಂದ. ಸಪ್ಪಳ ಮಾಡಿದ್ದರೂ ಆಗುತ್ತಿತ್ತು.

ಪಡಸಾಲೆಗೆ ಬಂದವನು ನನ್ನ ಎದೆಗಿದ್ದ ಕೌದಿಯನ್ನೂ, ಆಚೆಯಿಂದ ಆಯಿ ಬೆನ್ನು ಕೊಟ್ಟು ಕೂರುವ ಆ ಫರಸಿಯನ್ನೂ ಒಮ್ಮೆ ನೋಡಿದ. ನನ್ನ ಕೈಯಿಂದ ಕೌದಿ ತೆಗೆದುಕೊಂಡು ಮಡಚಿ ಮಂಚದ ಮೇಲಿಟ್ಟ. ಸ್ಪೀಕರಿನ ಕೆಳಗಿನ ರಬ್ಬರು ಕಿತ್ತ. ಎರಡೂ ಸ್ಪೀಕರನ್ನು ಹಿಂದಕ್ಕೆ ತಳ್ಳಿ, ಫರಸಿಗೆ ಗಟ್ಟಿಯಾಗಿ ತಾಗುವ ಹಾಗೆ ಮುಂದಿನಿಂದ ಕಟ್ಟಿಗೆಯ ಬೆಣೆ ಹೊಡೆದ. ಅಷ್ಟು ದಿನ ನಡುಕವನ್ನು ಹೇಗೆ ತಡೆಯಬೇಕೆಂದು ಕಲಿತಿದ್ದನಲ್ಲ, ಅದೇ ವಿದ್ಯೆಯನ್ನು ಈಗ ತಿರುಗುಮುರುಗು ಮಾಡಿ ನಡುಕವನ್ನು ಕಲ್ಲಿಗೆ ದಾಟಿಸಿದ. ಮುಳ್ಳು ಹಾರಬಾರದೆಂದು ರೆಕಾರ್ಡ್ ಪ್ಲೇಯರನ್ನು ಗೂಡಿನಿಂದಲೇ ತೆಗೆದು ಎದುರು ಗೋಡೆಗೆ ಹಲಗೆ ಬಡಿದು ಇಟ್ಟ. ಅಷ್ಟು ಉದ್ದದ ವಾಯರಿನಿಂದ ಹಾಡಿನ ಹಿಂದೆ ಯಾವಾಗಲೂ ಒಂದು ಸಣ್ಣ ಗುಂಯ್ ಉಳಿಯಿತು. ಆ ಗುಂಯ್‌ಗಾಗಿ ಹಿಂದೆ ಅವನು, ಅದು ಹೋಗುವ ತನಕ, ಊಟ ಬಿಡುತ್ತಿದ್ದ. ಈಗ ಅದನ್ನು ಹಾಗೇ ಬಿಟ್ಟ.

ಅಂದು ಆರು ಗಂಟೆಗೆ ಅಭಂಗ ಹಾಕಿದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮೊರದ ಸದ್ದು ಬರತೊಡಗಿತು, ತಾಳಕ್ಕೆ ಸರಿಯಾಗಿ. ಕಾಕಾ ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಲಿಲ್ಲ. ಊಟಕ್ಕೆ ಬಡಿಸುವಾಗ ಆಯಿ ಅವನ ಗಂಗಾಳಕ್ಕೆ ತಾನಾಗಿ ಉಪ್ಪಿನಕಾಯಿ ಹಾಕಿ, "ಹಾಡು ಚೆಂದಿತ್ತು ಇವತ್ತ," ಎಂದಳು. ಅವನು ತಲೆ ಎತ್ತಿ, ಅವಳಿಗೆ ತುಟಿ ಕಾಣುವ ಹಾಗೆ, "ಹೌದಾ," ಎಂದ. ಅಷ್ಟೇ. ಅವಳ ಗುಟ್ಟು ತನಗೆ ಗೊತ್ತು ಎಂದು ಅವನು ಅವಳಿಗೆ ಕೊನೆಯವರೆಗೂ ತೋರಗೊಡಲಿಲ್ಲ. ಆದರೆ ಅಂದಿನಿಂದ ಏನು ಹೇಳುವುದಿದ್ದರೂ ಅವಳ ಎದುರಿಗೆ ಬಂದು ಕೂತೇ ಹೇಳುತ್ತಿದ್ದ. ಭರಣಿಯ ಮಾತನ್ನು ಮತ್ತೆ ಹೇಳಿದನೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ.

ಹೀಗೆ ಏಳು ವರ್ಷ ನಡೆಯಿತು. ನಾನು ಕಾಲೇಜಿಗೆ ಹೋಗತೊಡಗಿದ ವರ್ಷ, ಚಳಿಗಾಲದಲ್ಲಿ, ಎರಡು ದಿನದ ಜ್ವರಕ್ಕೆ ಆಯಿ ಹೋದಳು. ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಕಾಕಾ ಬೆಣೆಗಳನ್ನು ತೆಗೆದ. ಸ್ಪೀಕರನ್ನು ಮುಂದಕ್ಕೆ ಎಳೆದು ಅದರಡಿ ಹೊಸ ರಬ್ಬರು ಇಟ್ಟ. ಅಟ್ಟದ ಮೇಲಿಂದ ಟ್ಯೂಬು ತಂದು ಗಾಳಿ ತುಂಬಿದ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ರೆಕಾರ್ಡ್ ಪ್ಲೇಯರ್. ಉದ್ದದ ವಾಯರನ್ನು ಸುತ್ತಿ ಇಟ್ಟು ಗಿಡ್ಡದ್ದನ್ನು ಹಾಕಿದ. ಹಿಂದಕ್ಕೆ ಎರಡು ಹಳೆಯ ಗೋಣಿಚೀಲ ಮಡಚಿ ಒತ್ತಿದ. ಕೌದಿ ಆಯಿಯ ಜೊತೆಗೇ ಹೋಗಿತ್ತು. ಇದೆಲ್ಲ ಮಾಡಲು ಅವನಿಗೆ ಮೂರು ತಾಸು ಹಿಡಿಯಿತು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಆಮೇಲೆ ಅಭಂಗದ ರೆಕಾರ್ಡನ್ನು ಒರೆಸಿ ಹಾಕಿ, ನನ್ನ ಹತ್ತಿರ ಬಂದು ಕೂತ. ಗುಂಯ್ ಇರಲಿಲ್ಲ, ಊಳು ಇರಲಿಲ್ಲ. ತಾಳದ ಒಂದೊಂದು ಏಟೂ ಬೇರೆಬೇರೆಯಾಗಿ ಬಂದು ನಿಲ್ಲುತ್ತಿತ್ತು.

"ಎಷ್ಟ ಸ್ವಚ್ಛ ಕೇಳಸ್ತದ ನೋಡು ಬೇಟಾ," ಎಂದ.

ಹೌದು ಎಂದೆ. ಒಂದು ಮಗ್ಗುಲು ಮುಗಿದು ಮುಳ್ಳು ಒಳಗಿನ ಖಾಲಿ ಗೆರೆಯಲ್ಲಿ ಸುತ್ತುತ್ತ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಅವನು ಎದ್ದು ಅದನ್ನು ಎತ್ತಿ ಇಟ್ಟ. ರೆಕಾರ್ಡನ್ನು ಮಗ್ಗುಲು ಬದಲಿಸಿ ಹಾಕಲಿಲ್ಲ.